ಅಂಕ ಇಳಿದರೆ ವ್ಯಸನ ಇಳಿಯಿತೇ? ಓಪಿಯಾಯ್ಡ್ ವಿತ್‌ಡ್ರಾವಲ್‌ನ ತೀವ್ರತೆಯನ್ನು ಅಳೆಯುವ ಬಗೆ

2025ರ ಫೆಬ್ರುವರಿಯಲ್ಲಿ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯು ಟ್ಯಾಪೆಂಟಾಡಾಲ್ (ನೋವುನಿವಾರಕ) ಮತ್ತು ಕ್ಯಾರಿಸೊಪ್ರೊಡಾಲ್ (ಸ್ನಾಯು ಸಡಿಲಿಸುವ ಔಷಧ) ಎಂಬ ಎರಡು ಔಷಧಗಳನ್ನು ಬೆರೆಸಿದ ಮಾತ್ರೆಗಳ ರಫ್ತಿಗೆ ಕೊಟ್ಟಿದ್ದ ಅನುಮತಿಗಳನ್ನು ಹಿಂಪಡೆಯಿತು. ಪಶ್ಚಿಮ ಆಫ್ರಿಕಾದ ದೇಶಗಳಲ್ಲಿ ಈ ಮಾತ್ರೆ ಬೀದಿಯ ಮಾದಕವಸ್ತುವಾಗಿದೆ ಎಂಬ ವರದಿಗಳು ಬಂದದ್ದೇ ಅದಕ್ಕೆ ಕಾರಣ. ಆಗಿನ ಸರ್ಕಾರಿ ಪ್ರಕಟಣೆಯಲ್ಲೇ ಇನ್ನೊಂದು ಮಾತೂ ಇತ್ತು: ಈ ಎರಡು ಔಷಧಗಳಿಗೆ ಪ್ರತ್ಯೇಕವಾಗಿ ಭಾರತದಲ್ಲಿ ಅನುಮತಿ ಇದೆ, ಮಿಶ್ರಣಕ್ಕೆ ಮಾತ್ರ ಇಲ್ಲ; ಎರಡೂ ಮಾದಕವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿಲ್ಲ. ಟ್ಯಾಪೆಂಟಾಡಾಲ್‌ನ ಹತ್ತಿರದ ಸಂಬಂಧಿಯಾದ ಟ್ರಮಡಾಲ್ 2018ರ ಏಪ್ರಿಲ್‌ನಲ್ಲೇ ಆ ಕಾಯ್ದೆಯ ವ್ಯಾಪ್ತಿಗೆ ಬಂದಿತ್ತು.

ವೈದ್ಯರ ಚೀಟಿಯಲ್ಲಿ ಕಾಣುವ ಹೆಸರೇ ಪೊಲೀಸರು ವಶಪಡಿಸಿಕೊಂಡ ಮಾಲಿನ ಸುದ್ದಿಯಲ್ಲೂ ಕಂಡಾಗ ಶಿವಮೊಗ್ಗ, ಸಾಗರ, ತೀರ್ಥಹಳ್ಳಿಗಳ ಓದುಗರಿಗೆ ಗೊಂದಲವಾಗುವುದು ಸಹಜ. ಮಗನೋ ತಮ್ಮನೋ ಇಂಥ ಮಾತ್ರೆಗೆ ಅಂಟಿಕೊಂಡಿದ್ದಾನೆಂದು ತಿಳಿದ ಮನೆಯವರ ಮೊದಲ ಪ್ರಶ್ನೆಯಂತೂ ಕಾನೂನಿನದಲ್ಲ. 'ಬಿಡಿಸಲು ಎಷ್ಟು ದಿನ ಬೇಕು, ಬಿಡುವಾಗ ಎಷ್ಟು ಕಷ್ಟವಾಗುತ್ತದೆ' ಎಂಬುದೇ ಅವರ ಚಿಂತೆ. ಇದಕ್ಕೆ ಅಂದಾಜಿನ ಮೇಲೆ ಉತ್ತರ ಕೊಡುವ ವ್ಯಸನಮುಕ್ತಿ ಕೇಂದ್ರಗಳಿವೆ, ಅಳೆದು ಉತ್ತರ ಕೊಡುವ ಆಸ್ಪತ್ರೆಗಳೂ ಇವೆ. ಮಾತ್ರೆ ಬಿಟ್ಟಾಗ ದೇಹಕ್ಕಾಗುವ ಈ ಸಂಕಟಕ್ಕೆ ವೈದ್ಯರು 'ವಿತ್‌ಡ್ರಾವಲ್' ಎನ್ನುತ್ತಾರೆ. ಅದನ್ನು ಅಳೆಯುವುದು ಹೇಗೆ, ಆ ಅಳತೆಯಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂಬುದನ್ನು ಇಲ್ಲಿ ನೋಡೋಣ.

ಗಾಂಜಾ ಬೇರೆ, ಇದು ಬೇರೆ

ಮಲೆನಾಡಿನಲ್ಲಿ ಮಾದಕವಸ್ತು ಎಂದರೆ ಮೊದಲು ನೆನಪಾಗುವುದು ಗಾಂಜಾ. ಆದರೆ ಗಾಂಜಾ ಕೆಲಸ ಮಾಡುವ ದಾರಿಯೂ ಬಿಟ್ಟಾಗ ಆಗುವ ತೊಂದರೆಯೂ ಬೇರೆ. ಅಫೀಮು, ಅದರಿಂದ ಬರುವ ಮಾರ್ಫಿನ್ ಮತ್ತು ಕೊಡೀನ್, ರಾಸಾಯನಿಕವಾಗಿ ತಯಾರಾಗುವ ಹೆರಾಯಿನ್, ಟ್ರಮಡಾಲ್, ಟ್ಯಾಪೆಂಟಾಡಾಲ್ ಇವೆಲ್ಲ ಓಪಿಯಾಯ್ಡ್ ಗುಂಪಿಗೆ ಸೇರಿದವು. ಕೊಡೀನ್ ಇರುವ ಕೆಮ್ಮಿನ ಸಿರಪ್ಪೂ ಇದೇ ಗುಂಪಿನದು. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 2.26 ಕೋಟಿ ಜನ ಓಪಿಯಾಯ್ಡ್ ಬಳಸುತ್ತಿದ್ದರು. ಅವರಲ್ಲಿ ಔಷಧ ರೂಪದ ಓಪಿಯಾಯ್ಡ್‌ಗಳನ್ನು ಬಳಸುವವರ ಪ್ರಮಾಣ ಹೆರಾಯಿನ್ ಬಳಸುವವರಿಗಿಂತ ತೀರಾ ಕಡಿಮೆಯೇನೂ ಇರಲಿಲ್ಲ: ಜನಸಂಖ್ಯೆಯ ಶೇ 1.14ರಷ್ಟು ಹೆರಾಯಿನ್ ಆದರೆ, ಶೇ 0.96ರಷ್ಟು ಮಾತ್ರೆ, ಸಿರಪ್ಪು, ಚುಚ್ಚುಮದ್ದು.

ಬಿಟ್ಟಾಗ ದೇಹದೊಳಗೆ ಆಗುವುದೇನು

ಓಪಿಯಾಯ್ಡ್‌ಗಳು ಮಿದುಳಿನಲ್ಲಿರುವ 'ಮ್ಯೂ' ಎಂಬ ಗ್ರಾಹಕಗಳಿಗೆ (ರಿಸೆಪ್ಟರ್‌ಗಳಿಗೆ) ಅಂಟಿಕೊಂಡು ನೋವನ್ನು ತಗ್ಗಿಸುತ್ತವೆ. ಜೊತೆಗೆ, ಮಿದುಳಿನ ಕಾಂಡದಲ್ಲಿ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕವನ್ನು ಹರಿಬಿಡುವ ನರಕೋಶಗಳನ್ನೂ ಅದುಮಿಡುತ್ತವೆ. ವಾರಗಟ್ಟಲೆ, ತಿಂಗಳುಗಟ್ಟಲೆ ಹೀಗೆ ಅದುಮಿದರೆ ಆ ಕೋಶಗಳು ತಮ್ಮ ಒಳಗಿನ ಚಟುವಟಿಕೆಯನ್ನು ಹೆಚ್ಚಿಸಿಕೊಂಡು ಸಮತೋಲ ಕಂಡುಕೊಳ್ಳುತ್ತವೆ. ಔಷಧ ಥಟ್ಟನೆ ನಿಂತಾಗ ಅದುಮುವ ಕೈ ಇಲ್ಲವಾಗುತ್ತದೆ, ಹೆಚ್ಚಿಸಿಕೊಂಡ ಚಟುವಟಿಕೆ ಮಾತ್ರ ಉಳಿಯುತ್ತದೆ. ನಾಡಿ ಏರುವುದು, ಬೆವರುವುದು, ಕಣ್ಣಿನ ಪಾಪೆ ಹಿಗ್ಗುವುದು, ಮೈಕೂದಲು ನಿಮಿರುವುದು ಎಲ್ಲವೂ ಅದರ ಫಲ. ಮಲಬದ್ಧತೆ ತರುತ್ತಿದ್ದ ಔಷಧ ಹೋದಾಗ ಕರುಳು ಉಲ್ಟಾ ಹೊಡೆದು ಭೇದಿ, ಹೊಟ್ಟೆನುಲಿತ ಶುರುವಾಗುತ್ತವೆ.

ಯಾವಾಗ ಶುರುವಾಗುತ್ತದೆ ಎಂಬುದು ಯಾವ ಔಷಧ ಎಂಬುದನ್ನು ಅವಲಂಬಿಸಿದೆ. ಹೆರಾಯಿನ್ನಿನಂತಹ ಅಲ್ಪಾವಧಿ ಔಷಧವಾದರೆ ಕೊನೆಯ ಬಳಕೆಯ ನಂತರ 6ರಿಂದ 12 ಗಂಟೆಗಳಲ್ಲಿ ಆಕಳಿಕೆ, ಮೂಗು ಸೋರುವಿಕೆಗಳಿಂದ ಆರಂಭವಾಗಿ, ಎರಡು ಮೂರನೇ ದಿನ ತಾರಕಕ್ಕೇರಿ, ಸುಮಾರು ವಾರದಲ್ಲಿ ಇಳಿಯುತ್ತದೆ. ಮೆಥಡೋನಿನಂತಹ ದೀರ್ಘಾವಧಿ ಔಷಧವಾದರೆ ಆರಂಭವೂ ತಡ, ಮುಗಿಯುವುದೂ ತಡ. ಟ್ರಮಡಾಲ್ ಇನ್ನೊಂದು ತೊಡಕನ್ನು ತರುತ್ತದೆ. ಅದು ಓಪಿಯಾಯ್ಡ್ ಗ್ರಾಹಕಗಳ ಮೇಲಷ್ಟೇ ಅಲ್ಲದೆ ಸಿರೊಟೋನಿನ್, ನಾರ್‌ಅಡ್ರಿನಲಿನ್‌ಗಳ ಮೇಲೂ ಕೆಲಸ ಮಾಡುವುದರಿಂದ, ಬಿಟ್ಟಾಗ ಕೆಲವರಲ್ಲಿ ವಿಪರೀತ ಗಾಬರಿ, ಗೊಂದಲ, ಇಲ್ಲದ್ದು ಕಾಣಿಸುವಂತಹ ಲಕ್ಷಣಗಳೂ ಬರುತ್ತವೆ. 2003ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ ಟ್ರಮಡಾಲ್ ಬಿಟ್ಟ ಎಂಟು ಪ್ರಕರಣಗಳಲ್ಲಿ ಸುಮಾರು ಒಂದು ಇಂಥದ್ದಾಗಿತ್ತು. ಹೆರಾಯಿನ್ ವ್ಯಸನಿಗಳನ್ನು ಮುಂದಿಟ್ಟುಕೊಂಡು ರೂಪಿಸಿದ ಅಳತೆಪಟ್ಟಿಗಳಲ್ಲಿ ಗೊಂದಲಕ್ಕೆ, ಇಲ್ಲದ್ದು ಕಾಣಿಸುವುದಕ್ಕೆ ಜಾಗವೇ ಇಲ್ಲ.

ಹನ್ನೊಂದು ಸಂಗತಿ, 48 ಅಂಕ

ಅಳೆಯುವ ಪ್ರಯತ್ನ ಹೊಸದಲ್ಲ. 1930ರ ದಶಕದಲ್ಲೇ ಅಮೆರಿಕದ ಲೆಕ್ಸಿಂಗ್ಟನ್ನಿನ ಸರ್ಕಾರಿ ಆಸ್ಪತ್ರೆಯಲ್ಲಿ ಹಿಮೆಲ್ಸ್‌ಬಾಕ್ ಎಂಬ ವೈದ್ಯರು ಆಕಳಿಕೆ, ಕಣ್ಣೀರು, ತೂಕದ ಇಳಿಕೆ, ರಕ್ತದೊತ್ತಡದ ಏರಿಕೆಗಳಿಗೆ ಅಂಕ ಕೊಡುವ ಪದ್ಧತಿ ಆರಂಭಿಸಿದ್ದರು. (ಆ ಆಸ್ಪತ್ರೆ ಅರ್ಧ ಸೆರೆಮನೆಯೂ ಆಗಿತ್ತು. ಕೈದಿಗಳ ಮೇಲೆ ನಡೆದ ಅಂಥ ಅಧ್ಯಯನಗಳ ನೈತಿಕತೆ ಬೇರೆಯದೇ ಚರ್ಚೆ.) ಇಂದು ಹೆಚ್ಚು ಬಳಕೆಯಲ್ಲಿರುವುದು 2003ರಲ್ಲಿ ವೆಸನ್ ಮತ್ತು ಲಿಂಗ್ ಪ್ರಕಟಿಸಿದ ಕ್ಲಿನಿಕಲ್ ಓಪಿಯೇಟ್ ವಿತ್‌ಡ್ರಾವಲ್ ಸ್ಕೇಲ್, ಆಸ್ಪತ್ರೆಗಳಲ್ಲಿ ಇದನ್ನು ಚಿಕ್ಕದಾಗಿ 'ಕೌಸ್' ಎನ್ನುತ್ತಾರೆ.

ಇದರಲ್ಲಿ ಹನ್ನೊಂದು ಸಂಗತಿಗಳಿವೆ: ವಿಶ್ರಾಂತಿಯಲ್ಲಿರುವಾಗಿನ ನಾಡಿಬಡಿತ, ಬೆವರು, ಚಡಪಡಿಕೆ, ಕಣ್ಣಿನ ಪಾಪೆಯ ಗಾತ್ರ, ಮೂಳೆ ಮತ್ತು ಕೀಲುಗಳ ನೋವು, ಮೂಗು ಅಥವಾ ಕಣ್ಣು ಸೋರುವುದು, ಹೊಟ್ಟೆಯ ತೊಂದರೆ, ಕೈನಡುಕ, ಆಕಳಿಕೆ, ಆತಂಕ ಅಥವಾ ಸಿಡುಕು, ಮೈಕೂದಲು ನಿಮಿರುವುದು. ಒಂದೊಂದಕ್ಕೂ ಗರಿಷ್ಠ 4 ಅಥವಾ 5 ಅಂಕ; ಎಲ್ಲ ಕೂಡಿದರೆ 48. ಮೊತ್ತ 5ರಿಂದ 12 ಇದ್ದರೆ ಸೌಮ್ಯ, 13ರಿಂದ 24 ಮಧ್ಯಮ, 25ರಿಂದ 36 ಮಧ್ಯಮ ಮೀರಿದ ತೀವ್ರ, 36 ದಾಟಿದರೆ ತೀವ್ರ. ಎಲ್ಲಕ್ಕೂ ಒಂದೇ ತೂಕವಿಲ್ಲ ಎಂಬುದನ್ನು ಗಮನಿಸಬೇಕು. ಮೈಕೂದಲು ನಿಮಿರಿದ್ದು ಕೈಗೆ ತಗುಲಿದರೆ ನೇರ 3 ಅಂಕ, ಎದ್ದು ಕಾಣುವಂತಿದ್ದರೆ 5. ಬೇಕೆಂದು ಯಾರೂ ಮೈಕೂದಲು ನಿಮಿರಿಸಲಾರರು ಎಂಬ ತಿಳಿವಳಿಕೆಯೊಂದಿಗೆ ಓದಿದರೆ ಈ ಹೆಚ್ಚಿನ ತೂಕ ಅರ್ಥವಾಗುತ್ತದೆ.

ತರಬೇತಿ ಪಡೆದ ನರ್ಸ್ ಕೆಲವೇ ನಿಮಿಷಗಳಲ್ಲಿ ಇದನ್ನು ತುಂಬಬಹುದು. ರಕ್ತಪರೀಕ್ಷೆ ಬೇಡ, ಯಂತ್ರ ಬೇಡ, ಒಂದು ಗಡಿಯಾರ ಮತ್ತು ಸಾಕಷ್ಟು ಬೆಳಕು ಇದ್ದರೆ ಸಾಕು. ಪಟ್ಟಿ ಎಲ್ಲೆಡೆ ಹರಡಲು ಕಾರಣ ಈ ಸರಳತೆ, ಅದನ್ನು ಅಜಾಗರೂಕತೆಯಿಂದ ತುಂಬುವುದಕ್ಕೂ ಇದೇ ಕಾರಣ.

ಮಳೆ, ಕವಳ, ಬೆನ್ನುನೋವು

ಪಟ್ಟಿಯನ್ನು ಓದಿದವರಿಗೆ ಅದರ ಸಣ್ಣ ಅಕ್ಷರಗಳ ಸೂಚನೆಗಳೇ ಮುಖ್ಯವೆಂದು ಗೊತ್ತಾಗುತ್ತದೆ. ಬೆವರಿಗೆ ಅಂಕ ಕೊಡುವಾಗ ಕೋಣೆಯ ಬಿಸಿಯಿಂದಾಗಲಿ ಓಡಾಟದಿಂದಾಗಲಿ ಬಂದ ಬೆವರನ್ನು ಬಿಡಬೇಕು. ನಾಡಿ ಹಿಡಿಯುವ ಮೊದಲು ರೋಗಿ ಒಂದು ನಿಮಿಷವಾದರೂ ಕುಳಿತಿರಬೇಕು ಇಲ್ಲವೇ ಮಲಗಿರಬೇಕು. ನೆಗಡಿ, ಅಲರ್ಜಿಯಿಂದ ಸೋರುವ ಮೂಗಿಗೆ ಅಂಕವಿಲ್ಲ. ಮೊದಲಿನಿಂದಲೂ ಇದ್ದ ನೋವಿಗೂ ಅಂಕವಿಲ್ಲ. ಔಷಧ ಬಿಟ್ಟ ಮೇಲೆ ಹೆಚ್ಚಾದ ಭಾಗಕ್ಕೆ ಮಾತ್ರ.

ಈ ಸೂಚನೆಗಳನ್ನು ಮಲೆನಾಡಿನಲ್ಲಿ ಪಾಲಿಸುವುದು ಹೇಳಿದಷ್ಟು ಸುಲಭವಲ್ಲ. ಜುಲೈ ತಿಂಗಳ ಆಗುಂಬೆ, ಹೊಸನಗರದ ಕಡೆಯಿಂದ ಒದ್ದೆ ಬಟ್ಟೆಯಲ್ಲಿ ಬಸ್ಸಿಳಿದು ಬಂದವನ ಮೈಕೂದಲು ನಿಮಿರಿದ್ದರೆ ಅದಕ್ಕೆ ಮಳೆ ಕಾರಣವೋ ಮಾತ್ರೆ ಬಿಟ್ಟದ್ದು ಕಾರಣವೋ? ಅವನನ್ನು ಒಣ ಬಟ್ಟೆಯಲ್ಲಿ ಬೆಚ್ಚಗೆ ಕೂರಿಸಿ ಅರ್ಧ ಗಂಟೆ ಬಿಟ್ಟು ನೋಡದ ಹೊರತು ಹೇಳಲಾಗದು. ಗೊತ್ತಿಲ್ಲದೆ 5 ಅಂಕ ಬರೆದರೆ ಸೌಮ್ಯ ಎನ್ನುವುದು ಮಧ್ಯಮಕ್ಕೆ ಜಿಗಿಯುತ್ತದೆ.

ಕವಳದ (ಎಲೆಅಡಿಕೆಯ) ಮಾತೂ ಹಾಗೆಯೇ. ಅಡಿಕೆಯಲ್ಲಿರುವ ಅರೆಕೋಲಿನ್ ಮೈಯನ್ನು ಬಿಸಿ ಮಾಡುತ್ತದೆ, ಬೆವರು ತರಿಸುತ್ತದೆ. ತಂಬಾಕು ಸೇರಿದರೆ ನಾಡಿಯೂ ಏರುತ್ತದೆ. ವಿತ್‌ಡ್ರಾವಲ್‌ನ ಸಂಕಟದಲ್ಲಿ ಒಂದರ ಮೇಲೊಂದು ಕವಳ ಹಾಕುವವರ ನಾಡಿ 100 ದಾಟಿದ್ದರೆ ಅದಕ್ಕೆ ಬರುವ 2 ಅಂಕದಲ್ಲಿ ಕವಳದ ಪಾಲೂ ಇರಬಹುದು. ಅಳೆಯುವ ಮೊದಲು ಕೊನೆಯ ಕವಳ ಯಾವಾಗ ಎಂದು ಕೇಳುವುದು ಇಲ್ಲಿನ ದಾದಿಯರಿಗೆ ಯಾವ ಕೈಪಿಡಿಯೂ ಕಲಿಸದ ಪ್ರಶ್ನೆ, ಆದರೂ ಕೇಳಲೇಬೇಕಾದ್ದು.

ಬೆನ್ನು, ಮಂಡಿ, ಭುಜದ ನೋವು ಇನ್ನೂ ಜಟಿಲ. ಮರ ಹತ್ತಿ ಅಡಿಕೆಯ ಕೊನೆ (ಗೊಂಚಲು) ಇಳಿಸುವ ಕೊನೆಗೌಡರು, ತೋಟಕ್ಕೆ ಔಷಧಿ ಹೊಡೆಯುವವರು, ಮೂಟೆ ಹೊರುವವರು ನೋವಿಗಾಗಿಯೇ ಮಾತ್ರೆ ಶುರುಮಾಡಿ ಅದಕ್ಕೆ ಅಂಟಿಕೊಂಡವರಾಗಿದ್ದರೆ, ಮಾತ್ರೆ ಬಿಟ್ಟಾಗ ಹಳೆಯ ನೋವು ತಿರುಗಿ ಬರುವುದೂ ಹೊಸ ನೋವು ಹುಟ್ಟುವುದೂ ಒಟ್ಟಿಗೇ ನಡೆಯುತ್ತವೆ. ಎರಡನ್ನೂ ಬೇರೆ ಮಾಡಿ ಅಂಕ ಕೊಡುವ ವಿದ್ಯೆ ಪಟ್ಟಿಯಲ್ಲಿಲ್ಲ. ಮಾತ್ರೆಗೆ ಮೊದಲು ನೋವು ಹೇಗಿತ್ತೆಂದು ತಾಳ್ಮೆಯಿಂದ ಕೇಳುವುದರಲ್ಲಿದೆ.

ಕೊನೆಯದಾಗಿ ಜ್ವರ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಬೇಸಿಗೆಗೆ ಮುಂಚೆಯೇ ಆರಂಭವಾಗಿ ಮೇ ತಿಂಗಳವರೆಗೂ ಕಾಡುತ್ತದೆ. ವಿಪರೀತ ಮೈಕೈ ನೋವು, ವಾಂತಿ, ಭೇದಿ, ಕೆಂಪೇರಿದ ಕಣ್ಣು ಅದರಲ್ಲೂ ಇವೆ. ವಿತ್‌ಡ್ರಾವಲ್‌ನಲ್ಲಿ ಮೈ ತುಸು ಬೆಚ್ಚಗಾಗಬಹುದೇ ವಿನಾ 103 ಡಿಗ್ರಿ ಜ್ವರ ಬರುವುದಿಲ್ಲ. ಅಂಥ ಜ್ವರ ಇದ್ದವನನ್ನು 'ಮಾತ್ರೆ ಬಿಟ್ಟಿದ್ದಕ್ಕೆ' ಎಂದು ಕೇಂದ್ರದ ಮೂಲೆಯಲ್ಲಿ ಮಲಗಿಸಿದರೆ ಅಳತೆಪಟ್ಟಿಯೇ ಅಪಾಯದ ಸಾಧನವಾಗುತ್ತದೆ. ಕುಡಿತವೂ ಜೊತೆಗಿದ್ದವರ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು: ನಡುಕ, ಬೆವರು, ಆತಂಕ ಮದ್ಯ ಬಿಟ್ಟಾಗಲೂ ಬರುತ್ತವೆ. ಮದ್ಯದ ವಿತ್‌ಡ್ರಾವಲ್‌ನಲ್ಲಿ ಫಿಟ್ಸ್, ಸನ್ನಿಯಂತಹ ಜೀವಾಪಾಯದ ಸ್ಥಿತಿಗಳು ಬರುವುದರಿಂದ ಅದಕ್ಕೆ ಬೇರೆಯದೇ ಪಟ್ಟಿ, ಬೇರೆಯದೇ ಔಷಧ ಇದೆ. ನಿದ್ರೆಮಾತ್ರೆಗಳ ಮಾತೂ ಅದೇ.

ಕಂಡದ್ದನ್ನು ನಂಬಬೇಕೋ, ಹೇಳಿದ್ದನ್ನೋ

ಇಲ್ಲಿ ಎರಡು ಪಕ್ಷಗಳಿವೆ. ಔಷಧ ಹೆಚ್ಚು ಸಿಗಲೆಂದು ರೋಗಿ ಸಂಕಟವನ್ನು ಹಿಗ್ಗಿಸಿ ಹೇಳಬಹುದು, ಆದ್ದರಿಂದ ಕಣ್ಣಿಗೆ ಕಾಣುವುದಕ್ಕೆ ಮಾತ್ರ ಅಂಕ ಕೊಡಬೇಕು ಎನ್ನುವುದು ಒಂದು ವಾದ. ಅನುಭವಿಸುವವನೇ ಬಲ್ಲ, ಅವನು ಹೇಳಿದ್ದೇ ಅಳತೆ ಎನ್ನುವುದು ಇನ್ನೊಂದು. 1987ರಲ್ಲಿ ಹ್ಯಾಂಡಲ್ಸ್‌ಮನ್ ಮತ್ತು ಸಂಗಡಿಗರು ಈ ಎರಡನ್ನೂ ಬೇರ್ಪಡಿಸಿ ಎರಡು ಪಟ್ಟಿ ಮಾಡಿದ್ದರು: ರೋಗಿಯೇ ತುಂಬುವ 16 ಪ್ರಶ್ನೆಗಳದು ಒಂದು, ನೋಡುವವರು ತುಂಬುವ 13 ಲಕ್ಷಣಗಳದು ಇನ್ನೊಂದು. ಕೌಸ್ ಎರಡನ್ನೂ ಒಂದೇ ಹಾಳೆಗೆ ತಂದಿತು.

ನಟನೆಯ ಭಯವನ್ನು ನಮ್ಮಲ್ಲಿ ಅತಿಯಾಗಿ ದೊಡ್ಡದು ಮಾಡಲಾಗಿದೆ ಎನಿಸುತ್ತದೆ. ಅಪ್ಪ, ಅಣ್ಣಂದಿರ ಮುಂದೆ ಕುಳಿತ ಹುಡುಗ ಸಂಕಟವನ್ನು ಮುಚ್ಚಿಡುವ ಸಾಧ್ಯತೆಯೂ ಅಷ್ಟೇ ಇದೆ. ಎಷ್ಟು ಮಾತ್ರೆ ನುಂಗುತ್ತಿದ್ದೆ ಎಂಬುದನ್ನೂ ಅವನು ಕಡಿಮೆ ಮಾಡಿಯೇ ಹೇಳುತ್ತಾನೆ. ಮಹಿಳೆಯರ ವಿಷಯದಲ್ಲಿ ಮುಚ್ಚುಮರೆ ಇನ್ನೂ ಹೆಚ್ಚು. ಮನೆಯವರನ್ನು ಹೊರಗೆ ಕಳುಹಿಸಿ ಕೇಳುವ ಐದು ನಿಮಿಷ ಅಂಕದ ನಿಖರತೆಗೆ ಮಾಡುವ ಉಪಕಾರವನ್ನು ಬೇರಾವ ಉಪಾಯವೂ ಮಾಡದು. ಹೇಳಿದ್ದಕ್ಕೂ ಕಂಡದ್ದಕ್ಕೂ ಬಹಳ ಅಂತರವಿದ್ದರೆ ಅದು ಸುಳ್ಳಿನ ಸಾಕ್ಷಿಯಾಗುವುದಿಲ್ಲ; ಬೇರೆ ಕಾಯಿಲೆಯನ್ನೋ ಭಯವನ್ನೋ ಹುಡುಕಲು ಅದು ಸೂಚನೆ.

ಅಂಕಕ್ಕೂ ಔಷಧಕ್ಕೂ ಇರುವ ಕೊಂಡಿ

ಅಳೆಯುವುದು ದಾಖಲೆಗಾಗಿ ಮಾತ್ರವಾಗಿದ್ದರೆ ಇಷ್ಟು ಚರ್ಚೆ ಬೇಕಿರಲಿಲ್ಲ. ಬುಪ್ರೆನಾರ್ಫಿನ್ ಎಂಬ ಔಷಧ ಮ್ಯೂ ಗ್ರಾಹಕಗಳಿಗೆ ಬಲವಾಗಿ ಅಂಟಿಕೊಳ್ಳುತ್ತದೆ, ಆದರೆ ಅವುಗಳನ್ನು ಅರೆಬರೆಯಾಗಿ ಮಾತ್ರ ಪ್ರಚೋದಿಸುತ್ತದೆ. ರೋಗಿಯ ಮೈಯಲ್ಲಿ ಹಳೆಯ ಓಪಿಯಾಯ್ಡ್ ಇನ್ನೂ ಇರುವಾಗಲೇ ಇದನ್ನು ಕೊಟ್ಟರೆ ಹಳೆಯದನ್ನು ಒದ್ದೋಡಿಸಿ, ಅದರ ಪೂರ್ಣ ಪರಿಣಾಮದ ಜಾಗದಲ್ಲಿ ಅರೆ ಪರಿಣಾಮವನ್ನು ತಂದಿಡುತ್ತದೆ. ಆಗ ವಿತ್‌ಡ್ರಾವಲ್ ತಣ್ಣಗಾಗುವ ಬದಲು ಗಂಟೆಯೊಳಗೆ ಉಲ್ಬಣಿಸುತ್ತದೆ. ಆದ್ದರಿಂದ ಕೌಸ್ ಅಂಕ ಸಾಮಾನ್ಯವಾಗಿ 8ರಿಂದ 12ರ ಮಟ್ಟಕ್ಕೆ ಬರುವವರೆಗೆ ಕಾದು ಮೊದಲ ಡೋಸ್ ಕೊಡುವುದು ರೂಢಿ. ಮಳೆಯಿಂದ ನಿಮಿರಿದ ಮೈಕೂದಲಿಗೆ 5 ಅಂಕ ಕೊಟ್ಟವರು ಈ ಗೆರೆಯನ್ನು ಸುಳ್ಳಾಗಿ ದಾಟಿಸಿರುತ್ತಾರೆ, ಅನುಭವಿಸುವವನು ರೋಗಿ. ಅಂಥ ಅನುಭವವಾದವನು ಆ ಔಷಧವನ್ನೇ ನಂಬದೆ ಚಿಕಿತ್ಸೆ ಬಿಟ್ಟು ಹೋಗುವುದೂ ಉಂಟು.

ಬುಪ್ರೆನಾರ್ಫಿನ್ ಇಲ್ಲದ ಕಡೆ ಕ್ಲೊನಿಡಿನ್ ಕೊಡುತ್ತಾರೆ. ಅದು ನಾರ್‌ಅಡ್ರಿನಲಿನ್‌ನ ಅಬ್ಬರವನ್ನು ತಗ್ಗಿಸುತ್ತದೆ. ಜೊತೆಗೆ ರಕ್ತದೊತ್ತಡವನ್ನೂ ಇಳಿಸುವುದರಿಂದ ಪ್ರತಿ ಡೋಸಿಗೂ ಮೊದಲು ಬಿಪಿ ನೋಡಿ, ಮೇಲಿನ ಅಂಕಿ 90ಕ್ಕಿಂತ ಕಡಿಮೆಯಿದ್ದರೆ ತಡೆಹಿಡಿಯುತ್ತಾರೆ. ಭೇದಿಯಿಂದ ನೀರು ಕಳೆದುಕೊಂಡವನಿಗೆ ಇದು ಇನ್ನೂ ಮುಖ್ಯ. ಕ್ಲೊನಿಡಿನ್ ನಾಡಿ, ಬೆವರುಗಳನ್ನು ಚೆನ್ನಾಗಿ ಇಳಿಸುತ್ತದೆ. ನಿದ್ರೆಗೇಡು, ಮಾತ್ರೆಯ ಹಂಬಲ, ಮೈನೋವುಗಳನ್ನು ಅಷ್ಟಾಗಿ ಇಳಿಸದು. ಕೌಸ್ ಪಟ್ಟಿಯಲ್ಲಿ ನಿದ್ರೆಯೂ ಇಲ್ಲ, ಹಂಬಲವೂ ಇಲ್ಲ. ಹಾಗಾಗಿ ಅಂಕ 4ಕ್ಕೆ ಇಳಿದ ರಾತ್ರಿಯೇ ರೋಗಿ ಆಸ್ಪತ್ರೆ ಬಿಟ್ಟು ಹೋದರೆ ಆಶ್ಚರ್ಯಪಡಬೇಕಿಲ್ಲ.

'ಇದರಿಂದ ಯಾರೂ ಸಾಯುವುದಿಲ್ಲ'

ವೈದ್ಯಕೀಯ ವಿದ್ಯಾರ್ಥಿಗಳಿಗೆ ಬಹುಕಾಲ ಹೇಳಿಕೊಟ್ಟ ಮಾತಿದು: ಮದ್ಯದ ವಿತ್‌ಡ್ರಾವಲ್ ಕೊಲ್ಲಬಹುದು, ಓಪಿಯಾಯ್ಡ್‌ನದು ಸಂಕಟ ಮಾತ್ರ. ಇದನ್ನೇ ಹಿಡಿದು, ಕೋಣೆಯಲ್ಲಿ ಕೂಡಿಹಾಕಿದರೆ ವಾರದಲ್ಲಿ ತಾನೇ ಸರಿಹೋಗುತ್ತದೆ, ಕಷ್ಟಪಟ್ಟರೆ ಬುದ್ಧಿ ಬರುತ್ತದೆ ಎನ್ನುವವರಿದ್ದಾರೆ. ಆರೋಗ್ಯವಂತ ಯುವಕರ ಮಟ್ಟಿಗೆ ಆ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ನಿಲ್ಲದ ವಾಂತಿ, ಭೇದಿಯಿಂದ ನೀರು ಕಳೆದು, ರಕ್ತದಲ್ಲಿ ಸೋಡಿಯಂ ಏರಿ, ಹೃದಯ ನಿಂತು ಸತ್ತ ಪ್ರಕರಣಗಳು, ಮುಖ್ಯವಾಗಿ ವಿದೇಶಗಳ ಸೆರೆಮನೆಗಳಿಂದ, 2017ರ ಒಂದು ವೈದ್ಯಕೀಯ ಲೇಖನದಲ್ಲಿ ದಾಖಲಾಗಿವೆ. ಅವು ನಿರ್ಲಕ್ಷ್ಯದ ಸಾವುಗಳು; ಡ್ರಿಪ್ ಹಾಕಿದ್ದರೆ ತಪ್ಪಿಸಬಹುದಾಗಿದ್ದವು. ಗರ್ಭಿಣಿಯರಲ್ಲಂತೂ ಥಟ್ಟನೆ ನಿಲ್ಲಿಸುವುದನ್ನು ಮಾರ್ಗಸೂಚಿಗಳು ಒಪ್ಪುವುದಿಲ್ಲ. ಬದಲಿ ಔಷಧದಲ್ಲಿ ಮುಂದುವರಿಸುವುದೇ ತಾಯಿಗೂ ಮಗುವಿಗೂ ಕ್ಷೇಮ.

ಕಾನೂನೂ ಇಲ್ಲಿ ಸ್ಪಷ್ಟವಾಗಿದೆ. 2017ರ ಮಾನಸಿಕ ಆರೋಗ್ಯ ಸಂರಕ್ಷಣಾ ಕಾಯ್ದೆಯ ವ್ಯಾಖ್ಯೆಯಲ್ಲಿ ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಸ್ಥಿತಿಗಳೂ ಸೇರಿವೆ. ಅದರ ಪ್ರಕಾರ ರೋಗಿಯನ್ನು ಸರಪಳಿಯಲ್ಲಿ ಕಟ್ಟುವಂತಿಲ್ಲ, ಒಂಟಿಯಾಗಿ ಕೂಡಿಹಾಕುವಂತಿಲ್ಲ. ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ, ಸ್ವಂತ ಬಳಕೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಮುಂದಾದರೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ; ಚಿಕಿತ್ಸೆ ಪೂರ್ತಿಗೊಳಿಸದಿದ್ದರೆ ಆ ರಕ್ಷಣೆ ಹೋಗಬಹುದು.

ಅಂಕ ಸೊನ್ನೆಗೆ ಬಂದ ಮೇಲೆ

ಅಂಕ ಇಳಿದದ್ದನ್ನು ಮನೆಯವರು ಗುಣವಾದಂತೆ ಓದುತ್ತಾರೆ. ಅಂಕ ಹೇಳುವುದು ಈ ಹೊತ್ತಿನ ದೇಹದ ಸಂಕಟ ಎಷ್ಟು ಎಂಬುದನ್ನು ಮಾತ್ರ. ವ್ಯಸನ ಎಷ್ಟು ಆಳ, ಮತ್ತೆ ಬೀಳುವ ಸಾಧ್ಯತೆ ಎಷ್ಟು ಎಂಬುದಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ. ಇದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ಡಿಟಾಕ್ಸ್ (ದೇಹದಿಂದ ಮಾದಕವಸ್ತು ಬಿಡಿಸುವ ಮೊದಲ ಹಂತದ ಚಿಕಿತ್ಸೆ) ಮುಗಿಯುವ ಹೊತ್ತಿಗೆ ದೇಹ ದೊಡ್ಡ ಡೋಸ್ ತಾಳಿಕೊಳ್ಳುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ. ಮೊದಲಿನಷ್ಟೇ ಪ್ರಮಾಣವನ್ನು ಮತ್ತೆ ತೆಗೆದುಕೊಂಡರೆ ಉಸಿರು ನಿಂತು ಸಾಯಬಹುದು. 2003ರಲ್ಲಿ ಪ್ರಕಟವಾದ, ಬ್ರಿಟನ್ನಿನಲ್ಲಿ ಒಳರೋಗಿಗಳಾಗಿ ಡಿಟಾಕ್ಸ್‌ಗೆ ಸೇರಿದವರನ್ನು ಗಮನಿಸಿದ ಅಧ್ಯಯನದಲ್ಲಿ, ಓವರ್‌ಡೋಸ್‌ನಿಂದ ಸತ್ತವರು ಚಿಕಿತ್ಸೆಯನ್ನು ನಡುವೆ ಬಿಟ್ಟವರಾಗಿರಲಿಲ್ಲ. ಯಶಸ್ವಿಯಾಗಿ ಮುಗಿಸಿ ತಾಳಿಕೆ ಕಳೆದುಕೊಂಡವರಾಗಿದ್ದರು.

ಈ ಕಾರಣಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲಿ, ಬಹುತೇಕ ರೋಗಿಗಳಿಗೆ ಬರೀ ಡಿಟಾಕ್ಸ್‌ಗಿಂತ ಮೆಥಡೋನ್ ಅಥವಾ ಬುಪ್ರೆನಾರ್ಫಿನ್‌ನ ದೀರ್ಘಕಾಲದ ಚಿಕಿತ್ಸೆಯೇ ಉತ್ತಮವೆಂದು ಹೇಳಿತು. 'ಒಂದು ಮಾತ್ರೆ ಬಿಡಿಸಿ ಇನ್ನೊಂದು ಅಂಟಿಸುವುದೇ?' ಎಂಬ ಆಕ್ಷೇಪ ಇಲ್ಲಿ ಬರುತ್ತದೆ. ಅದನ್ನು ತಳ್ಳಿಹಾಕುವಂತಿಲ್ಲ, ಬದಲಿ ಔಷಧಕ್ಕೂ ದೇಹ ಒಗ್ಗಿಕೊಳ್ಳುತ್ತದೆ. ಆದರೆ ದಿನಕ್ಕೊಮ್ಮೆ ನಿಗದಿತ ಪ್ರಮಾಣ ತೆಗೆದುಕೊಂಡು ತೋಟಕ್ಕೋ ಕಚೇರಿಗೋ ಹೋಗುವುದಕ್ಕೂ, ನಾಲ್ಕಾರು ಗಂಟೆಗೊಮ್ಮೆ ಮಾತ್ರೆ ಹುಡುಕಿಕೊಂಡು ಅಲೆಯುವುದಕ್ಕೂ ಇರುವ ವ್ಯತ್ಯಾಸ ಸಣ್ಣದಲ್ಲ.

ದೂರದ ಲೆಕ್ಕ

ಒಂದು ಬಾರಿ ಅಳೆದ ಅಂಕಕ್ಕೆ ಬೆಲೆ ಕಡಿಮೆ. ಆರಂಭದ ಎರಡು ಮೂರು ದಿನ ಕೆಲವು ಗಂಟೆಗಳಿಗೊಮ್ಮೆ ಅಳೆದಾಗಲೇ ಏರುತ್ತಿದೆಯೋ ಇಳಿಯುತ್ತಿದೆಯೋ ಗೊತ್ತಾಗುವುದು. ಆಗುಂಬೆಯಿಂದ ಶಿವಮೊಗ್ಗಕ್ಕೆ ಸುಮಾರು 90 ಕಿಲೋಮೀಟರ್. ಮೆಗ್ಗಾನ್ ಆಸ್ಪತ್ರೆಗೆ ಬೆಳಗಿನ ಬಸ್ಸಿನಲ್ಲಿ ಬಂದು ಸಂಜೆಯ ಬಸ್ಸಿಗೆ ಮರಳುವವರಿಗೆ ಸಿಗುವುದು ಒಂದೇ ಅಳತೆ, ಅದೂ ವಿತ್‌ಡ್ರಾವಲ್ ಇನ್ನೂ ಏರುಮುಖದಲ್ಲಿರುವಾಗ. ಬೆಂಗಳೂರಿನ ನಿಮ್ಹಾನ್ಸ್ ಇನ್ನೂ ದೂರ. ಹೀಗಾಗಿ ಸೌಮ್ಯವೆಂದು ಔಷಧ ಕೊಟ್ಟು ಕಳಿಸಿದವನಿಗೆ ಮರುದಿನ ರಾತ್ರಿ ಮನೆಯಲ್ಲಿ ತಡೆಯಲಾರದ ಸಂಕಟ ಶುರುವಾಗುತ್ತದೆ, ಮತ್ತೆ ಮಾತ್ರೆಯ ಮೊರೆ ಹೋಗುತ್ತಾನೆ, ಆಸ್ಪತ್ರೆಯ ಔಷಧ ಕೆಲಸ ಮಾಡಲಿಲ್ಲ ಎಂದು ಊರು ಮಾತಾಡಿಕೊಳ್ಳುತ್ತದೆ.

ಇದಕ್ಕೆ ದೊಡ್ಡ ಕಟ್ಟಡ ಬೇಡ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮಾನಸಿಕ ಆರೋಗ್ಯ ಕ್ಲಿನಿಕ್‌ಗಳು ಮೊದಲೇ ಇವೆ. ಅಲ್ಲಿನ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳ ನರ್ಸ್‌ಗಳಿಗೆ ಕೌಸ್ ತುಂಬುವುದನ್ನು ಕಲಿಸಿ, ಅಂಕವನ್ನು ಜಿಲ್ಲೆಯ ಮನೋವೈದ್ಯರಿಗೆ ಫೋನಿನಲ್ಲಿ ತಿಳಿಸುವ ಏರ್ಪಾಡಾದರೆ ಸೌಮ್ಯ ಪ್ರಕರಣಗಳನ್ನು ಊರಿನಲ್ಲೇ ನೋಡಿಕೊಳ್ಳಬಹುದು. ಅಂಕ ಏರುತ್ತಿರುವವರನ್ನು, ಗರ್ಭಿಣಿಯರನ್ನು, ಕುಡಿತವೂ ಜೊತೆಗಿರುವವರನ್ನು ಮಾತ್ರ ಶಿವಮೊಗ್ಗಕ್ಕೆ ಕಳಿಸಬಹುದು. ಬುಪ್ರೆನಾರ್ಫಿನ್ ಔಷಧ ಅಂಗಡಿಗಳಲ್ಲಿ ಮಾರುವ ವಸ್ತುವಲ್ಲ, ವ್ಯಸನಮುಕ್ತಿ ಕೇಂದ್ರಗಳ ಮೂಲಕವಷ್ಟೇ ಸಿಗಬೇಕಾದದ್ದು. ಆದ್ದರಿಂದ ತಾಲ್ಲೂಕು ಮಟ್ಟದಲ್ಲಿ ಅದರ ದಾಸ್ತಾನು ಮತ್ತು ಲೆಕ್ಕದ ವ್ಯವಸ್ಥೆಯನ್ನು ಸರ್ಕಾರವೇ ಮಾಡಬೇಕಾಗುತ್ತದೆ.

ಅಲ್ಲಿಯವರೆಗೆ ಮನೆಯವರ ಕೈಯಲ್ಲಿರುವುದು ಇಷ್ಟು. ಕೊನೆಯ ಮಾತ್ರೆ ತೆಗೆದುಕೊಂಡ ಗಂಟೆಯನ್ನು ಬರೆದಿಟ್ಟುಕೊಳ್ಳುವುದು, ಮಾತ್ರೆಯ ಸ್ಟ್ರಿಪ್ಪನ್ನೇ ವೈದ್ಯರಿಗೆ ತೋರಿಸುವುದು, ವಾಂತಿ ಭೇದಿಗೆ ಓಆರ್‌ಎಸ್ ಕುಡಿಸುತ್ತಿರುವುದು. ಮೂತ್ರ ಕಡಿಮೆಯಾದರೆ, ಮಾತು ತೊದಲಿದರೆ, ಜ್ವರ ಏರಿದರೆ, ಫಿಟ್ಸ್ ಬಂದರೆ ಬೆಳಗಿನ ಬಸ್ಸಿಗೆ ಕಾಯದೆ 108ಕ್ಕೆ ಕರೆ ಮಾಡುವುದು. ಸಲಹೆಗೆ ವ್ಯಸನಮುಕ್ತಿ ಸಹಾಯವಾಣಿ 14446 ಮತ್ತು ಟೆಲಿಮನಸ್ 14416 ಇವೆ. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಚೀಟಿಯಲ್ಲಿ ಯಾವ್ಯಾವ ದಿನ ಎಷ್ಟು ಅಂಕ ಇತ್ತು, ಯಾವ ಔಷಧ ಎಷ್ಟು ಕೊಡಲಾಯಿತು, ಮುಂದಿನ ಭೇಟಿ ಯಾವಾಗ ಎಂಬುದರ ಜೊತೆಗೆ, ಹಳೆಯ ಪ್ರಮಾಣ ಈಗ ಪ್ರಾಣಾಪಾಯಕರ ಎಂಬ ಸಾಲನ್ನೂ ಬರೆಸಿಕೊಳ್ಳಬೇಕು.